ಗೋಡೆ ಕಡೆ ತಿರುಗದ ದಿನ

ನಮ್ಮ ಆಫೀಸಿನಲ್ಲಿ ಒಂದು ಮರ್ಯಾದೆ ಇತ್ತು. ಕಾರ್ಯದರ್ಶಿಗಳು ಕಂಪ್ಯೂಟರಿಗೆ ಪಾಸ್‌ವರ್ಡ್ ಹಾಕುವಾಗ ಅಲ್ಲಿದ್ದವರೆಲ್ಲ ಗೋಡೆ ಕಡೆ ತಿರುಗಿ ನಿಲ್ಲಬೇಕು. ಯಾರೂ ಹೇಳಿ ಮಾಡಿಸಿದ್ದಲ್ಲ. ಹಿರಿಯರು ಬಟ್ಟೆ ಬದಲಿಸುವಾಗ ಆಚೆ ಮುಖ ಮಾಡುತ್ತೇವಲ್ಲ, ಹಾಗೆ. ಅವರು ‘ಹ್ಞೂಂ’ ಅಂದ ಮೇಲೆಯೇ ಈ ಕಡೆ ತಿರುಗುವುದು.

ಅರಸೀಕೆರೆಯ ತೆಂಗು ಬೆಳೆಗಾರರ ಸಂಘವೊಂದರಲ್ಲಿ ಆಗ ನಾನು ಕಂಪ್ಯೂಟರ್ ಆಪರೇಟರ್. ಹೊಸ ಶತಮಾನ ಶುರುವಾಗಿ ಇನ್ನೂ ಹೆಚ್ಚು ದಿನ ಆಗಿರಲಿಲ್ಲ. ಬೇಲೂರು, ಹಳೇಬೀಡು ಶಾಖೆಗಳ ಸದಸ್ಯರ ವಿವರವೂ ನಮ್ಮ ಒಂದೇ ಸರ್ವರಿನಲ್ಲಿತ್ತು. ದಿನಾ ಸಂಜೆ, ಆ ವಿವರದ ನಕಲು ಇಳಿಯುವ ಬ್ಯಾಕಪ್ ಟೇಪು ಬದಲಿಸಿ, ತೆಗೆದದ್ದನ್ನು ಬೀರುವಿನಲ್ಲಿಟ್ಟು ಬೀಗ ಹಾಕುವುದು ನನ್ನ ಕೆಲಸ. ಜ್ವರ ಬಂದ ದಿನವೂ ಶಾಲು ಹೊದ್ದು ಹೋಗಿ ಬದಲಿಸಿ ಬಂದವಳು ನಾನು. ಇದನ್ನು ಈಗ ಯಾಕೆ ಹೇಳುತ್ತೇನೆಂದರೆ, ಆಗ ಯಾರೂ ಕೇಳಿಸಿಕೊಳ್ಳಲಿಲ್ಲ.

ಹಳೆ ಕಾರ್ಯದರ್ಶಿಗಳು ನಿವೃತ್ತರಾದರು. ಶಾಲು, ಹಾರ, ಹಣ್ಣಿನ ಬುಟ್ಟಿ, ಭಾಷಣ ಎಲ್ಲ ಆಯಿತು. ಸಂಜೆಯೊಳಗೆ ಬೋರ್ಡಿನ ಮೇಲೆ ಅವರ ಹೆಸರು ಅಳಿಸಿ ಹೊಸಬರ ಹೆಸರು ಬರೆಸಿಬಿಟ್ಟರು. ಸರ್ವರಿನೊಳಗೆ ಯಾರ ಹೆಸರಿದೆ ಎಂದು ಯಾರಿಗೂ ಹೊಳೆಯಲಿಲ್ಲ.

ಕೆಲವು ತಿಂಗಳಾದ ಮೇಲೆ ಆ ಸರ್ವರಿನ ಡಿಸ್ಕ್ ಕೆಟ್ಟು ಕೂತಿತು. ಹಾಸನದಿಂದ ಬಂದ ಎಂಜಿನಿಯರ್ ಹೊಸ ಮೆಷಿನ್ ಕೂರಿಸಿ, ಹೊಸ ಕಾರ್ಯದರ್ಶಿಗಳ ಹೆಸರಿನಲ್ಲಿ ಸದಸ್ಯರ ವಿವರ ತುಂಬುವ ಡೇಟಾಬೇಸಿಗೆ ಲಾಗಿನ್ ಮಾಡಿಕೊಟ್ಟರು. ಇನ್ನೇನು, ಟೇಪಿನಲ್ಲಿದ್ದುದನ್ನು ವಾಪಸ್ ತುಂಬಿಕೊಂಡರೆ ಮುಗಿಯಿತು. ಹೆಸರು, ಪಾಸ್‌ವರ್ಡ್ ಹಾಕಿ ಎಂದು ಬ್ಯಾಕಪ್ ಸಾಫ್ಟ್‌ವೇರ್ ಕೇಳಿತು. ಕಾರ್ಯದರ್ಶಿಗಳು ಕೂತರು, ನಾನೂ ಎಂಜಿನಿಯರೂ ಗೋಡೆ ನೋಡುತ್ತ ನಿಂತೆವು. ಟಕಟಕ ಒತ್ತಿದ ಸದ್ದು, ಹಿಂದೆಯೇ ಟಣ್ ಎಂಬ ಸದ್ದು.

“ಲಾಗಿನ್ ಫೇಲ್ ಅಂತೈತೆ ಕಣ್ರೀ,” ಎಂದು ಕಾರ್ಯದರ್ಶಿಗಳು ನಾವು ತಿರುಗುವಷ್ಟರಲ್ಲಿ ಓಕೆ ಒತ್ತಿ ಅದನ್ನು ಅಳಿಸಿಬಿಟ್ಟರು.

ಮತ್ತೆ ಹಾಕಿದರು, ಮತ್ತೆ ಟಣ್. ಟೇಪು ಬದಲಿಸಿ ನೋಡಿದೆವು. ಜಪ್ಪಯ್ಯ ಅಂದರೂ ಒಳಗೆ ಬಿಡಲಿಲ್ಲ. ಪಾಸ್‌ವರ್ಡ್ ಸರಿಯಾಗಿದೆ, ಮೆಷಿನ್ ಹೊಸದು, ಹಾಗಾದರೆ ಕೆಟ್ಟದ್ದು ಯಾರು? ಗೂಬೆ ಕೂರಿಸಲು ನನ್ನ ತಲೆ ಸಿಕ್ಕಿತು.

“ಟೇಪು ಮುಟ್ಟೋದು ಈಯಮ್ಮ ಒಬ್ಬಳೇ. ಏನೋ ಬದಲಾಯಿಸಿ ಮರ್ತವ್ಳೆ,” ಎಂದರು ಕಾರ್ಯದರ್ಶಿಗಳು. ಸಂಜೆ ಹೊತ್ತಿಗೆ ನನ್ನ ಹೆಸರಿನಲ್ಲಿ ಒಂದು ಪತ್ರ ಟೈಪಾಗಿ ಬಂತು. ನನ್ನ ತಪ್ಪಿನಿಂದ ಸದಸ್ಯರ ಮಾಹಿತಿ ಹಾಳಾಗಿದೆ ಎಂದು ನಾನೇ ಒಪ್ಪಿಕೊಂಡ ಹಾಗೆ. “ಸೈನ್ ಹಾಕಮ್ಮ. ನಾಳೆ ಮೀಟಿಂಗಲ್ಲಿ ಕಮಿಟಿಯೋರಿಗೆ ನಾನೇನು ಹೇಳ್ಲಿ? ಹಾಕಿದ್ರೆ ಮುಂದೆ ನೋಡಾಣ. ಇಲ್ದಿದ್ರೆ ನಾಳೆಯಿಂದ ಬರ್ಬೇಡ.”

ಮೈಯೆಲ್ಲ ಉರಿದುಹೋಯಿತು. ಆ ಕೆಲಸ ಹೋದರೆ ಮತ್ತೆ ಹೊಲಿಗೆ ಮಿಷನ್ನು, ಗೊತ್ತಿತ್ತು. ಆದರೂ ಮಾಡದ ತಪ್ಪಿಗೆ ಸಹಿ ಹಾಕಿ ಉಳಿಸಿಕೊಂಡ ಕುರ್ಚಿಯ ಮೇಲೆ ದಿನಾ ಹೇಗೆ ಕೂರುವುದು? “ಬೆಳಗ್ಗೆ ನನ್ನೆದುರಿಗೆ ಇನ್ನೊಂದು ಸಲ ಹಾಕಿ ಸಾರ್. ಆಮೇಲೆ ಮಾತಾಡಣ,” ಎಂದು ಪತ್ರವನ್ನು ಅವರ ಮೇಜಿನ ಮೇಲೇ ಬಿಟ್ಟು ಬಂದೆ.

ಬೆಳಗ್ಗೆ ಆಫೀಸು ತೆರೆದ ತಕ್ಷಣ ಅವರು ಕೂತರು. ಎಂಜಿನಿಯರ್ ತಿರುಗಿದರು. ನಾನು ತಿರುಗಲಿಲ್ಲ.

“ತಿರುಗಮ್ಮ.”

“ತಿರುಗಲ್ಲ ಸಾರ್.”

“ಏನಂದೆ?”

“ತಪ್ಪು ನಂದು ಅಂತ ಬರ್ಕೊಡೋಳು ನಾನು ತಾನೆ? ಕಣ್ಣು ಬಿಟ್ಕೊಂಡೇ ಬರ್ಕೊಡ್ತೀನಿ. ನಿಮ್ಮ ಕೈ ನೋಡಲ್ಲ, ಪರದೆ ನೋಡ್ತೀನಿ.”

ಅವರ ಮುಖ ಕೆಂಪಾಯಿತು. ನಾನು ಸೊಪ್ಪು ಹಾಕಲಿಲ್ಲ. ಹೆಸರು ಹಾಕಿದರು, ಪಾಸ್‌ವರ್ಡ್ ಹಾಕಿದರು, ಟಣ್ ಎಂದಿತು. ಅವರು ಓಕೆ ಒತ್ತುವುದರೊಳಗೆ “ತಡೀರಿ!” ಎಂದು ಕೂಗಿ ಮೌಸನ್ನೇ ಕಿತ್ತುಕೊಂಡೆ. ಲಾಗಿನ್ ಫೇಲ್ ಎಂಬುದರ ಪಕ್ಕದಲ್ಲೇ, ಯಾರ ಲಾಗಿನ್ ಎಂದೂ ಬರೆದಿತ್ತು. ಅದು ಹಳೆ ಕಾರ್ಯದರ್ಶಿಗಳ ಹೆಸರು!

“ನೀವು ಯಾರ ಹೆಸರು ಹಾಕಿದ್ರಿ ಸಾರ್?”

“ನಂದೇ.”

“ಇಲ್ಲಿ ಓದಿ, ಯಾರದೈತೆ?”

ಎಂಜಿನಿಯರ್ ಗೋಡೆ ಬಿಟ್ಟು ಓಡಿ ಬಂದು ಓದಿ, ಹಣೆ ಚಚ್ಚಿಕೊಂಡರು. “ಥತ್! ನಾವಿಲ್ಲಿ ಏನು ಹಾಕಿದ್ರೂ ಈ ಸಾಫ್ಟ್‌ವೇರು ಡೇಟಾಬೇಸಿಗೆ ಮುಟ್ಟಿಸ್ತಾನೇ ಇಲ್ಲ. ಯಾರೂ ಬದಲಾಯಿಸದೆ ಟೇಪಿನ ಜೊತೆ ಬಂದಿರೋ ಹಳೆ ಹೆಸರು, ಪಾಸ್‌ವರ್ಡನ್ನೇ ಎತ್ಕೊಂಡು ಹೋಗಿ ಕೊಡ್ತಾ ಇದೆ. ಹೊಸ ಮೆಷಿನ್ನಲ್ಲಿ ಅವರ ಹೆಸರೇ ಇಲ್ಲವಲ್ಲ!” ಅದೇ ಹೆಸರು, ಅದೇ ಪಾಸ್‌ವರ್ಡಿನಲ್ಲಿ ಇಲ್ಲೊಂದು ಲಾಗಿನ್ ಮಾಡಿದರೆ ಸರಿಹೋಗುತ್ತದೆ ಎಂದರು. ಆದರೆ ಆ ಪಾಸ್‌ವರ್ಡ್ ಯಾರಿಗೆ ಗೊತ್ತು? ವರ್ಷಗಟ್ಟಲೆ ನಾವೆಲ್ಲ ನೋಡಿದ್ದು ಗೋಡೆ.

“ರಿಟೈರಾದೋರ ಮನೆ ಬಾಗ್ಲಿಗೆ ನಾನು ಹೋಗಲ್ಲ,” ಎಂದರು ಕಾರ್ಯದರ್ಶಿಗಳು.

“ನೀವು ಹೋಗ್ಬೇಡಿ. ನಾನು ಹೋಗ್ತೀನಿ. ಬರೋವರೆಗೆ ಮೀಟಿಂಗಲ್ಲಿ ನನ್ನ ಹೆಸರು ಎತ್ತಬೇಡಿ.”

ಜಾವಗಲ್ ಮೇಲೆ ಹೋಗುವ ಬಸ್ಸು ಹಿಡಿದು ಹಳೇಬೀಡಿನಲ್ಲಿಳಿದು, ಬಸ್ತಿಹಳ್ಳಿಗೆ ನಡೆದೆ. ಹಳೆ ಕಾರ್ಯದರ್ಶಿಗಳು ಜಗಲಿಯ ಮೇಲೆ ಕೂತು ಅವರೆಕಾಯಿ ಸುಲಿಯುತ್ತಿದ್ದರು. ಎಲ್ಲ ಹೇಳಿ, “ಪಾಸ್‌ವರ್ಡ್ ಒಂದು ಹೇಳಿಬಿಡಿ ಸಾರ್, ಹೊರಟೆ,” ಎಂದೆ.

“ಹೆಂಡ್ತಿಗೇ ಹೇಳಿಲ್ಲ ಕಣಮ್ಮ, ನಿಂಗೆ ಹೇಳ್ತೀನಾ? ತಡಿ, ಅಂಗಿ ಹಾಕ್ಕೊಂಡು ನಾನೇ ಬತ್ತೀನಿ.”

“ನಾನೇನು ಕೇಳಿದ್ನಾ?” ಎಂದರು ಒಳಗಿನಿಂದ ಅವರ ಹೆಂಡತಿ.

ಬಸ್ಸಿನಲ್ಲಿ ಅವರು ಜಾವಗಲ್ ದಾಟುವವರೆಗೂ ನಗುತ್ತಿದ್ದರು. “ಬೋರ್ಡಿಂದ ಒಂದೇ ಸಂಜೆಗೆ ಅಳಿಸಿದ್ರು. ಒಳಗೆ ಇನ್ನೂ ನಂದೇ ದರ್ಬಾರು ಅನ್ನು!” ನನಗೆ ನಗು ಬರಲಿಲ್ಲ. ಅವರು ಪಾಸ್‌ವರ್ಡ್ ಮರೆತುಬಿಟ್ಟಿದ್ದರೆ ಏನು ಗತಿ?

ಮರೆತಿರಲಿಲ್ಲ. ಅವರು ಕೂತರು, ಹೊಸ ಕಾರ್ಯದರ್ಶಿಗಳೂ ಸೇರಿ ಎಲ್ಲರೂ ಗೋಡೆ ನೋಡಿದೆವು. “ಹ್ಞೂಂ,” ಎಂದರು. ಎಂಜಿನಿಯರ್ ಟೇಪು ಓಡಿಸಿದರು. ಈ ಸಲ ಟಣ್ ಅನ್ನಲಿಲ್ಲ. ಪರದೆಯ ಮೇಲೆ ನೀಲಿ ಪಟ್ಟಿ ಮೆಲ್ಲಗೆ ತುಂಬುತ್ತ ಹೋಯಿತು. ಸದಸ್ಯರ ಹೆಸರುಗಳು ಒಂದೊಂದಾಗಿ ಬಂದಾಗ ನನಗೆ ಅಳು ಬಂತು. ಸಂತೋಷಕ್ಕಲ್ಲ, ಸಿಟ್ಟಿಗೆ.

“ಸರಿಹೋಯ್ತಲ್ಲ, ಬಿಡಮ್ಮ,” ಎಂದರು ಹೊಸ ಕಾರ್ಯದರ್ಶಿಗಳು.

“ಬಿಡಲ್ಲ ಸಾರ್. ಆ ಪತ್ರ ಕೊಡಿ.”

ಡ್ರಾಯರಿನಿಂದ ತೆಗೆದು ಕೊಟ್ಟರು. ಅವರ ಎದುರಿಗೇ ಹರಿದು ಬುಟ್ಟಿಗೆ ಹಾಕಿದೆ. ಇನ್ನು ಮೇಲೆ ಬ್ಯಾಕಪ್ಪಿಗೆ ಆಪರೇಟರ್ ಹೆಸರಿನಲ್ಲೇ ಲಾಗಿನ್ ಇರಲಿ, ಕಾರ್ಯದರ್ಶಿ ಯಾರು ಬಂದರೂ ಹೋದರೂ ತೊಂದರೆಯಿಲ್ಲ ಎಂದು ಎಂಜಿನಿಯರ್ ನನ್ನನ್ನು ಕೂರಿಸಿ, ತಾವು ಗೋಡೆ ಕಡೆ ಮುಖ ಮಾಡಿದರು. ಹಳೆ ಕಾರ್ಯದರ್ಶಿಗಳು ಆಗಲೇ ತಿರುಗಿಯಾಗಿತ್ತು. ಹೊಸಬರು ಮಾತ್ರ ನನ್ನ ಭುಜದ ಹಿಂದೆಯೇ ಬಗ್ಗಿ ನಿಂತಿದ್ದರು.

“ತಿರುಗಿ ಸಾರ್,” ಎಂದೆ.

ಅವರು ನನ್ನ ಮುಖ ನೋಡಿದರು. ನಾನೂ ನೋಡಿದೆ. ಆಮೇಲೆ ತಿರುಗಿದರು.

ಆರಾಮಾಗಿ ಒಂದೊಂದೇ ಅಕ್ಷರ ಒತ್ತಿದೆ. ಒತ್ತಿ ಆದ ಮೇಲೂ ಬಹಳ ಹೊತ್ತು ‘ಹ್ಞೂಂ’ ಅನ್ನಲಿಲ್ಲ.