ಮೂರು ರಾತ್ರಿಯ ಕಾಯ್ದೆ

ಎಪ್ಪತ್ತರ ದಶಕದ ಕೊನೆಯ ವರ್ಷಗಳು. ಪುಣೆಯಲ್ಲಿ ಇತಿಹಾಸ ಓದುವವರೆಲ್ಲ ಪೇಶ್ವೆಯವರ ಕಾಗದಪತ್ರಗಳ ಬೆನ್ನು ಹತ್ತಿದ್ದರೆ ನಾನೊಬ್ಬಳು ರೋಮನ್ನರ ಕಾಯ್ದೆ ಹಿಡಿದು ಕೂತಿದ್ದೆ. ಊರಿಗೊಂದು ದಾರಿಯಾದರೆ ಪೋರನಿಗೊಂದು ದಾರಿ ಎಂದು ನನ್ನ ಗಂಡ ನಗುತ್ತಿದ್ದರು. ಹಳೆಯ ರೋಮಿನ ಮನೆಮಂದಿಯ ಕಾನೂನನ್ನು ಮಧ್ಯಯುಗದ ಇಟಲಿಯ ಪಂಡಿತರು ಹೇಗೆ ಓದಿಕೊಂಡರು ಎಂಬುದು ನನ್ನ ಪಿಎಚ್.ಡಿ. ವಿಷಯ. ಎಂದೋ ಸತ್ತುಹೋದ ಕಾಯ್ದೆಗಾಗಿ ಆ ಪಂಡಿತರು ಪುಟದ ಅಂಚಿನಲ್ಲಿ ಟಿಪ್ಪಣಿ ಬರೆಯುತ್ತ ಜಗಳವಾಡುವುದನ್ನು ಓದುವಾಗ ನನಗೆ ಹೋಳಿಗೆ ಉಂಡಷ್ಟು ಸಂತೋಷವಾಗುತ್ತಿತ್ತು.

ಸಂತೋಷ ಹಂಚಿಕೊಳ್ಳಲು ಅತ್ತೆ ಇದ್ದರು. ಸದಾಶಿವ ಪೇಟೆಯ ನಮ್ಮ ವಾಡೆಯ ಅಡುಗೆಮನೆಯಲ್ಲಿ ಅವರು ರೊಟ್ಟಿ ಬಡಿಯುವಾಗ ನಾನು ಪಕ್ಕದಲ್ಲಿ ಕೂತು ಅಂದು ಓದಿದ್ದನ್ನು ಹೇಳುತ್ತಿದ್ದೆ. ಅವರಿಗೆ ತಿಳಿಯುವಂತೆ ಹೇಳಲು ಬಾರದ್ದನ್ನು ಪ್ರಬಂಧದಲ್ಲೂ ಬರೆಯುತ್ತಿರಲಿಲ್ಲ. ನನ್ನ ಗೈಡ್ ಮೆಚ್ಚಿದ ಅಧ್ಯಾಯಗಳೆಲ್ಲ ಹಾಗೆ ರೊಟ್ಟಿಯ ಹಂಚಿನ ಮುಂದೆ ಬೆಂದು ಬಂದವು.

ಶ್ರಾವಣ ಹತ್ತಿರ ಬಂದಾಗ ಅತ್ತೆ ಸಪ್ಪಗಾಗುತ್ತಿದ್ದರು. ಅವರ ತವರು ಬೆಳಗಾವಿ. ನಾಗರಪಂಚಮಿಗೆ ಅಣ್ಣ ಬಂದು ಕರೆದರೆ ಮಾತ್ರ ಹೆಣ್ಣುಮಗಳು ತವರಿಗೆ ಹೊರಡುವುದು ನಮ್ಮ ಕಡೆಯ ರೂಢಿ. ಅವರ ಅಣ್ಣನಿಗೆ ಮೊಣಕಾಲು ನೋವು ಹಿಡಿದ ಮೇಲೆ ಕರೆ ನಿಂತಿತ್ತು. ಅತ್ತೆ ಮಾತು ತೆಗೆದರೆ ಮಾವ, “ಕರೀಲಿಕ್ಕೆ ಯಾರೂ ಬಂದಿಲ್ಲ, ಹೆಂಗ ಹೋಗ್ತಿ?” ಎನ್ನುತ್ತಿದ್ದರು. ಮಾವ ನಿವೃತ್ತ ವಕೀಲರು. ಅವರ ಮನೆಯಲ್ಲಿ ಅವರದೇ ಕೊನೆಯ ತೀರ್ಪು. ನನಗೆ ಮೈ ಉರಿಯುತ್ತಿತ್ತು.

ಆ ವರ್ಷ ನಾನು ಹೆಂಡತಿಯರ ಅಧ್ಯಾಯದಲ್ಲಿದ್ದೆ. ಒಂದು ಸಂಜೆ ಅತ್ತೆಗೆ ಹೇಳಿದೆ: ಹಳೆಯ ರೋಮಿನಲ್ಲಿ ಹೆಣ್ಣು ಗಂಡನ ಮನೆಯಲ್ಲಿ ವರ್ಷವಿಡೀ ಬಿಡದೆ ಇದ್ದರೆ ಅವನ ಅಧೀನಕ್ಕೆ ಸೇರಿಬಿಡುತ್ತಿದ್ದಳು, ವರ್ಷಕ್ಕೆ ಮೂರು ರಾತ್ರಿ ಬೇರೆ ಕಡೆ ಕಳೆದರೆ ಸೇರುತ್ತಿರಲಿಲ್ಲ.

ಅತ್ತೆಯ ಕೈ ನಿಂತಿತು. “ಆ ಮೂರು ರಾತ್ರಿ ಎಲ್ಲಿ ಇರ್ತಿದ್ರವಾ? ತವರಮನ್ಯಾಗ?”

“ಪುಸ್ತಕದಾಗ ಬರದಿಲ್ರೀ ಅತ್ತಿ.”

“ಮತ್ತೆಲ್ಲಿ ಇರ್ತಾರ,” ಎಂದು ಅವರೇ ತೀರ್ಮಾನಿಸಿದರು.

ಹೊರಗೆ ಕೂತಿದ್ದ ಮಾವನಿಗೆ ಕಾಯ್ದೆಯ ವಾಸನೆ ಬಡಿಯಿತು. ಎದ್ದು ಬಾಗಿಲಿಗೆ ಬಂದರು. “ಅಗದೀ ಬರೋಬರಿ ಕಾಯ್ದೆ. ಕಬ್ಜಾ ನಡುವ ಮುರೀತಂದ್ರ ವರ್ಷದ ಮುದತು ಮತ್ತ ಮೊದಲಿಂದ ಸುರು. ಹೊಲದ ಖಟ್ಲೆದಾಗ ಜೀವನಪೂರ್ತಿ ನಾ ಇದನ್ನ ವಾದ ಮಾಡೀನಿ.”

“ಆ ಹೆಂಗಸ್ರನ್ನ ಕರೀಲಿಕ್ಕೆ ಅಣ್ಣ ಬರಬೇಕಿತ್ತೇನ್ರಿ?” ಅತ್ತೆ ಕೇಳಿದರು.

“ಅದ್ಯಾಕ? ಆಕಿ ಹೋದ್ರ ಸಾಕು.”

ಅತ್ತೆ ಮರುದಿನವೇ ಹಬ್ಬದ ಸಿಹಿ ಉಂಡಿ ಕಟ್ಟಿದರು. ಪಂಚಮಿಯ ಹಿಂದಿನ ರಾತ್ರಿ ಬೆಳಗಾವಿಯ ಗಾಡಿ ಹತ್ತಿದರು. ಮಾವ ತಡೆಯುವಂತಿರಲಿಲ್ಲ, ಅವರದೇ ವಾದ. ಬೆಳಿಗ್ಗೆ ಚಹಾ ಮಾಡಲು ಹೋಗಿ, ಸಕ್ಕರೆ ಎಲ್ಲಿದೆ ಎಂದು ನನ್ನನ್ನು ಕೇಳಿದರು.

ಆದರೆ ಅತ್ತೆಯ ಕರುಳು ಸುಮ್ಮನಿರಬೇಕಲ್ಲ. ಮಾವನಿಗೆ ಬಿಸಿ ರೊಟ್ಟಿ ಸಿಕ್ಕಿತೋ ಇಲ್ಲವೋ ಎಂಬ ಚಿಂತೆಯಲ್ಲಿ ತವರಿನಲ್ಲಿ ಒಂದೇ ರಾತ್ರಿ ಉಳಿದು, ಮರುರಾತ್ರಿಯ ಗಾಡಿಗೇ ತಿರುಗಿ ಬಂದರು. ಮಾವ ಅವರನ್ನು ಬಾಗಿಲಲ್ಲೇ ನಿಲ್ಲಿಸಿದರು. ಮುಖದಲ್ಲಿ ಖಟ್ಲೆ ಗೆದ್ದ ಕಳೆ.

“ಗಾಡ್ಯಾಗಿನ ರಾತ್ರಿ ಲೆಕ್ಕಕ್ಕ ಬರೂದಿಲ್ಲ. ನೀ ಇದ್ದದ್ದು ಒಂದಽ ರಾತ್ರಿ. ಮುದತು ಮುರದಿಲ್ಲ.”

ಅತ್ತೆ ತವರಿನಿಂದ ತಂದ ಉಂಡಿಯ ಡಬ್ಬಿಯನ್ನು ನನ್ನ ಕೈಗಿತ್ತರು. ಚೀಲ ಮಾತ್ರ ಕೆಳಗಿಡಲಿಲ್ಲ. “ಹಂಗಾದ್ರ ಎರಡು ರಾತ್ರಿ ಬಾಕಿ ಅದಾವ. ಇವತ್ತಿನ ಗಾಡಿಗೇ ಹೊಂಟೆ.”

ನಾನು ಡಬ್ಬಿಯೊಂದಿಗೆ ಒಳಗೋಡಿ, ಹೊಟ್ಟೆ ಹಿಡಿದುಕೊಂಡು ನಕ್ಕೆ.

ಎರಡು ರಾತ್ರಿ ಎಂದವರು ನೂಲಹುಣ್ಣಿಮೆಗೆ ಅಣ್ಣನ ಕೈಗೆ ರಾಖಿ ಕಟ್ಟಿಯೇ ಬಂದರು. ಅಷ್ಟು ದಿನ ಮಾವ ನನ್ನ ಪುಸ್ತಕಗಳನ್ನು ತಿರುವುತ್ತ, ಗಂಡಂದಿರ ಪರವಾಗಿ ಏನಾದರೂ ಸಿಗುತ್ತದೆಯೋ ಎಂದು ಹುಡುಕಿದರು. ಮಧ್ಯಯುಗದ ಪಂಡಿತರೂ ಅವರನ್ನು ಕೈಬಿಟ್ಟರು. ನನ್ನ ಅಡುಗೆ ಅವರಿಗೆ ಸೇರಲಿಲ್ಲ, ಬೇಸರ ಬಂದಿತ್ತು ಪಾಪ. ರಿಕ್ಷಾದ ಸದ್ದು ಕೇಳಿದಾಗಲೆಲ್ಲ ಅಂಗಳಕ್ಕೆ ಹೋಗಿ ಬರುತ್ತಿದ್ದರು.

ಕೊನೆಗೂ ಅತ್ತೆ ಬಂದ ರಿಕ್ಷಾದಿಂದ ಚೀಲವನ್ನು ಮಾವನೇ ಇಳಿಸಿಕೊಂಡರು. ಆ ಮನುಷ್ಯ ಹೆಂಡತಿಯ ಚೀಲ ಹೊತ್ತದ್ದನ್ನು ನಾನು ಅದೇ ಮೊದಲು ನೋಡಿದ್ದು.

“ಮುರೀತು ಮುದತು,” ಎಂದರು ಮೆಲ್ಲಗೆ. “ಇನ್ನ ನಿನ್ನ ಮ್ಯಾಲೆ ನಂದೇನೂ ಹಕ್ಕಿಲ್ಲ.”

“ಇಲ್ಲ,” ಎಂದರು ಅತ್ತೆ, ಕಟ್ಟೆಯ ಮೇಲೆ ಆರಾಮಾಗಿ ಕೂತು. “ನಾನಾಗೇ ಬಂದೀನಿ. ಒಂದೀಟು ಚಹಾ ಮಾಡ್ರಿ.”

ಮಾವ ಒಳಗೆ ಹೋದರು. ಈ ಸಲ ಸಕ್ಕರೆ ಎಲ್ಲಿದೆ ಎಂದು ಯಾರನ್ನೂ ಕೇಳಲಿಲ್ಲ.