ಪಡುವಣದ ಗೂಟ

ಶುಕ್ರವಾರ. ಬೆಳಗಿನ ನಮಾಜು ಮುಗಿದಿದೆ, ಬೆಳಕಿನ್ನೂ ಹರಿದಿಲ್ಲ. ದೋಹಾದ ಇಂಡಸ್ಟ್ರಿಯಲ್ ಏರಿಯಾದ ವರ್ಕ್‌ಶಾಪುಗಳೆಲ್ಲ ಹಿಂದೆ ಸರಿದು ಬರೀ ಮರಳು ಉಳಿಯುವ ಜಾಗದಲ್ಲಿ ಪೊಡಿಯಬ್ಬ ಕುಕ್ಕರುಗಾಲಲ್ಲಿ ಕುಳಿತಿದ್ದಾರೆ. ಅವರ ಎದುರು ಎತ್ತರದ ಪೈಪಿನಿಂದ ಒಂದು ದಾರ ಇಳಿಬಿದ್ದಿದೆ, ತುದಿಯಲ್ಲಿ ತೂಗುಗುಂಡು. ಅದರಾಚೆ ಅಂಥದೇ ಇನ್ನೊಂದು ದಾರವನ್ನು ದೇಜಪ್ಪ ಹಿಡಿದು ನಿಂತಿದ್ದಾರೆ. ಎರಡೂ ದಾರ ಒಂದಾಗಿ ಕಂಡು, ಅದರ ಮೇಲೆ ಧ್ರುವ ನಕ್ಷತ್ರ ಬಂದು ಕೂರಬೇಕು. ಪೊಡಿಯಬ್ಬ ಒಂದು ಕಣ್ಣು ಮುಚ್ಚಿ ಅದಕ್ಕಾಗಿ ಕಾಯುತ್ತಿದ್ದಾರೆ.

"ಅಲ್ಲಾಡ್ಬೇಡಿ ದೇಜಪ್ಪಣ್ಣ. ನೀವು ಅಲ್ಲಾಡಿದ್ರೆ ನಕ್ಷತ್ರವೂ ಅಲ್ಲಾಡ್ತದೆ."

"ಬೇಗ ನೋಡಿ ಪೊಡಿಯಬ್ಬಾಕ, ಕೈ ಸೋತು ಹೋಯ್ತು ಮಾರಾಯ್ರೆ."

ನಕ್ಷತ್ರ ಸಿಕ್ಕುತ್ತದೆ. ಉತ್ತರಕ್ಕೊಂದು ಗೂಟ ಬೀಳುತ್ತದೆ. ಆಮೇಲೆ ಮೇಸ್ತ್ರಿಗಳ ಮೂರು-ನಾಲ್ಕು-ಐದರ ಹಗ್ಗ ಹಿಡಿದು ಲಂಬಕೋನದ ಮೂಲೆ ತೆಗೆದು ಪಡುವಣಕ್ಕೆ ಇನ್ನೊಂದು ಗೂಟ. ಅದನ್ನು ಬಡಿಯುವಾಗ ಪೊಡಿಯಬ್ಬರ ಸುತ್ತಿಗೆಗೆ ತುಸು ಹೆಚ್ಚೇ ಬಲ ಬಂದಂತೆ ಕಾಣುತ್ತದೆ. ಅದಕ್ಕೆ ಕಾರಣವೂ ಇದೆ.

ಇಲ್ಲೊಂದು ಹ್ಯಾಮ್ ರೇಡಿಯೋ ಸಂಘವಿದೆ, ಹವ್ಯಾಸಕ್ಕಾಗಿ ರೇಡಿಯೋದಲ್ಲಿ ದೂರದವರೊಂದಿಗೆ ಮಾತಾಡುವವರದು. ಅಲ್ ಹಿಲಾಲ್ ಬಡಾವಣೆಯಲ್ಲಿ ಮನೆ ಮಾಡಿಕೊಂಡಿರುವ ಎಲೆಕ್ಟ್ರಿಕಲ್ ಇಂಜಿನಿಯರ್ ದೇಜಪ್ಪ ಅದರ ತಂಡದ ನಾಯಕ. ಆಫೀಸೊಂದರಲ್ಲಿ ಲೆಕ್ಕಪತ್ರ ನೋಡುವ ಗ್ರೀಷ್ಮಾ ತಂಡದ ಚುರುಕು ಕಿವಿ. ವರ್ಷಕ್ಕೊಮ್ಮೆ, ಅಕ್ಟೋಬರ್ ಕೊನೆಯ ವಾರಾಂತ್ಯದಲ್ಲಿ, ಎರಡು ದಿನದೊಳಗೆ ಎಷ್ಟು ಹೆಚ್ಚು ದೇಶಗಳ ಎಷ್ಟು ಹೆಚ್ಚು ಜನರನ್ನು ರೇಡಿಯೋದಲ್ಲಿ ಮಾತಾಡಿಸುತ್ತೀರಿ ಎಂಬುದೊಂದು ಸ್ಪರ್ಧೆ. ಈ ಸಲದ್ದು ನಾಳೆ ನಸುಕಿಗೆ ಶುರು. ಮಾತಾಡುವವರ ಹೆಸರು ಪಟ್ಟಿಯಲ್ಲಿ ಅಚ್ಚಾಗುತ್ತದೆ. ಆ ಮಾತನ್ನು ಹೊತ್ತೊಯ್ಯುವ ತಂತಿಗೆ ಕಂಬ ನೆಟ್ಟವನ ಹೆಸರು ಯಾವ ಪಟ್ಟಿಯಲ್ಲೂ ಇರುವುದಿಲ್ಲ.

ಪೊಡಿಯಬ್ಬ ಮಂಗಳೂರಿನ ತೆಂಕಣ ಉಚ್ಚಿಲದವರು. ಹರೆಯದಲ್ಲಿ ಮಂಗಳೂರು ಧಕ್ಕೆಯ ಮೀನಿನ ಬೋಟುಗಳಲ್ಲಿ ದುಡಿದು, ಆಮೇಲೆ ಕತಾರಿಗೆ ಬಂದು ಸ್ಕಫೋಲ್ಡಿಂಗ್ ಕೆಲಸ ಹಿಡಿದರು. ಕಟ್ಟಡ ಏಳುವ ಮೊದಲು ಅದರ ಸುತ್ತ ಪೈಪಿನ ಅಟ್ಟಣಿಗೆ ಕಟ್ಟುವುದು, ಕಟ್ಟಡ ಎದ್ದ ಮೇಲೆ ಅದನ್ನು ಬಿಚ್ಚಿ ಹೊರುವುದು. "ನಾವು ಕಟ್ಟಿದ್ದು ಒಂದೂ ಉಳಿಯುವುದಿಲ್ಲ. ಉಳಿದ್ರೆ ಫೋರ್‌ಮನ್ ಬೈತಾನೆ" ಎಂದು ನಗುತ್ತಾರೆ. ಬೇಸಿಗೆಯಲ್ಲಿ ಪೈಪು ಮುಟ್ಟಿದರೆ ಗ್ಲೌಸಿನೊಳಗೂ ಅಂಗೈ ಚುರ್ರೆನ್ನುತ್ತದೆ. ಕತ್ತಲಿರುವಾಗಲೇ ಕಂಪೆನಿ ಬಸ್ಸು ಕ್ಯಾಂಪಿನಿಂದ ಹೊರಡುತ್ತದೆ. ವಾರಕ್ಕೆ ಶುಕ್ರವಾರವೊಂದೇ ರಜೆ. ದೇಜಪ್ಪ ಯಾವುದೋ ಸೈಟಿನಲ್ಲಿ ಇವರ ಹಗ್ಗದ ಕೆಲಸ ಕಂಡು, ತುಳುವಿನಲ್ಲಿ ಮಾತಿಗೆಳೆದು, ಒಂದು ಕಂಬ ನಿಲ್ಲಿಸಿಕೊಡುತ್ತೀರಾ ಎಂದು ಕೇಳಿದ್ದೇ ನೆಪ. ಆ ರಜೆಯೂ ಇಲ್ಲಿ ಖಲಾಸ್. ರಜೆ ದಿನವೂ ಪೈಪು ಹೊರುವ ಮರುಳ ಎಂದು ಕೋಣೆಯವರು ಛೇಡಿಸುತ್ತಾರೆ. ಛೇಡಿಸಿದವರಲ್ಲೇ ನಾಲ್ವರು ಇವತ್ತು ಕುಬ್ಬೂಸ್ ರೊಟ್ಟಿ, ಸುಲೈಮಾನಿ ಚಹಾದ ಆಸೆಗೆ ಇವರೊಂದಿಗೆ ಗುಂಡಿ ತೋಡಲು ಬಂದಿದ್ದಾರೆ!

ಇನ್ನು ಪಡುವಣದ ಗೂಟದ ಕತೆ.

ಹೋದ ವರ್ಷ ಸಂಘದವರು ದೊಡ್ಡ ಆಸೆಯಿಂದ ಒಂದು ದೊಡ್ಡ ಆಂಟೆನಾ ಹಾಕಿದರು. ನಾಲ್ಕು ಪೈಪಿನ ಕಂಬಗಳ ನಡುವೆ ವಜ್ರದ ಆಕಾರದಲ್ಲಿ ಬಿಗಿದ ಉದ್ದನೆಯ ತಂತಿ. ಅದು ದನಿಯನ್ನು ಒಂದೇ ದಿಕ್ಕಿಗೆ, ಸಪೂರವಾಗಿ, ಬಹಳ ದೂರಕ್ಕೆ ಎಸೆಯುತ್ತದೆ. ತಿರುಗಿಸಲು ಬರುವುದಿಲ್ಲ. ಕಂಬ ನೆಡುವಾಗ ದಿಕ್ಕು ತುಸು ತಪ್ಪಿದರೂ ಕೂಗೆಲ್ಲ ಸಮುದ್ರದ ಪಾಲು. ಇವರಿಗೆ ಬೇಕಿದ್ದದ್ದು ಯುರೋಪು. ಪಡುವಣವನ್ನು ಗುರುತಿಸಿ, ಅಲ್ಲಿಂದ ಬಲಕ್ಕೆ ಅಳೆದು ಕಂಬ ನೆಡುವುದೆಂದು ನಿಶ್ಚಯವಾಯಿತು. ದೇಜಪ್ಪ ದಿಕ್ಸೂಚಿಯನ್ನು ಪಿಕಪ್ಪಿನ ಬಾನೆಟ್ಟಿನ ಮೇಲಿಟ್ಟರು. ಕಬ್ಬಿಣದ ಮೇಲೆ ಕೂತ ಮುಳ್ಳು ಕುಣಿಯತೊಡಗಿತು. ಆಗ ಪೊಡಿಯಬ್ಬ, "ಅದೆಲ್ಲ ಎಂತಕ್ಕೆ? ಸಾಕ್ಷಿಗೆ ಇಬ್ಬರಿದ್ದಾರಲ್ಲ" ಎಂದರು.

ಒಬ್ಬ ಸಾಕ್ಷಿ, ಮುಳುಗುವ ಸೂರ್ಯ. ಇನ್ನೊಬ್ಬ, ಆಚೆ ಕಾಣುವ ಮಸೀದಿಯ ಕಿಬ್ಲಾ ಗೋಡೆ, ಎಂದರೆ ನಮಾಜಿಗೆ ಮುಖ ಮಾಡುವ ಮಕ್ಕಾದ ದಿಕ್ಕು. ಉಚ್ಚಿಲದಲ್ಲಿ ಹುಟ್ಟಿದ ಬ್ಯಾರಿಗೆ ಕಡಲೂ ಪಡು, ಸೂರ್ಯ ಮುಳುಗುವುದೂ ಪಡು, ನಮಾಜಿಗೆ ನಿಲ್ಲುವುದೂ ಪಡುವಿಗೇ. ಇಲ್ಲಿಯೂ ಅಂದು ಸಂಜೆ ಸೂರ್ಯ ಸರಿಯಾಗಿ ಕಿಬ್ಲಾದ ಕಡೆಗೇ ಇಳಿದ. ಇಬ್ಬರು ಸಾಕ್ಷಿಗಳೂ ಒಂದೇ ಮಾತು ಹೇಳಿದ ಮೇಲೆ ಕೇಳುವುದೇನು? ದೇಜಪ್ಪನವರೂ ತಲೆಯಾಡಿಸಿದರು. ಗೂಟ ಬಿತ್ತು, ಕಂಬಗಳು ಎದ್ದವು, ಸ್ಪರ್ಧೆ ಬಂತು. ಗ್ರೀಷ್ಮಾ ಗಂಟಲು ಹರಿಯುವಂತೆ ಕೂಗಿದರೂ ಯುರೋಪು ಕಿವುಡಾಗಿ ಕೂತಿತು.

"ನನ್ನ ದನಿ ಸರಿ ಇಲ್ಲ ಅಂತ ತಿಂಗಳುಗಟ್ಟಲೆ ತಲೆ ಕೆಡಿಸಿಕೊಂಡಿದ್ದೆ" ಎನ್ನುತ್ತಾರೆ ಗ್ರೀಷ್ಮಾ. ದೇಜಪ್ಪನವರು ಮಾತ್ರ ಸೂರ್ಯನ ಮೇಲೆ ಗೂಬೆ ಕೂರಿಸಿದರು. ಸೂರ್ಯನಲ್ಲಿ ಕಲೆಗಳು ಕಡಿಮೆಯಾದ ವರ್ಷಗಳಲ್ಲಿ ರೇಡಿಯೋ ದೂರ ಹೋಗುವುದಿಲ್ಲವಂತೆ. ಮಾತು ಸುಳ್ಳಲ್ಲ. ಆದರೆ ಕುಣಿಯಲಾರದವಳು ನೆಲ ಡೊಂಕೆಂದಳು ಎಂಬ ಗಾದೆ ಅವರಿಗೆ ಹೊಳೆಯಲಿಲ್ಲ.

ತಪ್ಪು ಎಲ್ಲಿದೆಯೆಂದು ಹೊಳೆದದ್ದು ಪೊಡಿಯಬ್ಬರಿಗೆ, ಈ ಜೂನಿನಲ್ಲಿ. ಕ್ಯಾಂಪಿನ ಅಂಗಳದಲ್ಲಿ ಮಗ್ರಿಬ್ ನಮಾಜಿಗೆ ಎಲ್ಲರೂ ಸಾಲಾಗಿ ನಿಲ್ಲುತ್ತಿದ್ದಾರೆ, ಸೂರ್ಯ ಆಗಷ್ಟೇ ಮುಳುಗಿದ್ದಾನೆ. ಅವನ ಕೆಂಪು ಎದುರಿಗಿಲ್ಲ. ಬಲ ಭುಜದ ಕಡೆ ಇದೆ! "ನಮಾಜು ಮುಗಿಯುವ ತನಕ ಮನಸ್ಸು ಹಿಡಿದಿಟ್ಟೆ. ಸಲಾಂ ಹೇಳಿದ್ದೇ ಫೋನ್ ಮಾಡಿದೆ. ದೇಜಪ್ಪಣ್ಣ, ನಮ್ಮ ಗೂಟ ಪಡುವಿನಲ್ಲಿ ಇಲ್ಲ ಅಂತ."

ದೇಜಪ್ಪ ನಕ್ಷೆ ಬಿಡಿಸಿ ಕೂತರು. ಕತಾರಿನಿಂದ ಮಕ್ಕಾ ನೇರ ಪಡುವಣವಲ್ಲ, ತೆಂಕಣಕ್ಕೆ ವಾಲಿದೆ. ಅಕ್ಟೋಬರಿನ ಸೂರ್ಯನೂ ಅತ್ತಲೇ ವಾಲಿ ಮುಳುಗುತ್ತಾನೆ. ಇಬ್ಬರು ಸಾಕ್ಷಿಗಳೂ ಸತ್ಯವಂತರೇ, ಕೇಳಿದ ಪ್ರಶ್ನೆಯೇ ತಪ್ಪಾಗಿತ್ತು. ಧ್ರುವ ನಕ್ಷತ್ರ ನೋಡುವ ಉಪಾಯ ದೇಜಪ್ಪನವರದು. ಬೇಸಿಗೆಯ ಬಿಸಿಲು ಕಳೆದು, ರಂಝಾನಿನ ಉಪವಾಸ ಮುಗಿದು, ಹೋದ ಶುಕ್ರವಾರ ಹೊರಟರೆ ಧೂಳುಗಾಳಿಯಲ್ಲಿ ಆಕಾಶವೇ ಕಾಣಲಿಲ್ಲ. ಹಾಗಾಗಿ ಇರುವುದು ಇವತ್ತೊಂದೇ ದಿನ. ಈ ದಿನ ತಪ್ಪಿದರೆ ಪೊಡಿಯಬ್ಬರಿಗೆ ಇನ್ನೊಂದು ಅಕ್ಟೋಬರ್ ಇಲ್ಲ. ಡಿಸೆಂಬರಿನಲ್ಲಿ ಅವರು ವೀಸಾ ಮುಗಿಸಿ ಊರಿಗೆ, ಹೆಂಡತಿ ಕುಲ್ಸುಂ ಇರುವಲ್ಲಿಗೆ, ಮರಳುತ್ತಿದ್ದಾರೆ.

"ಡೊಂಕು ಕಂಬ ಬಿಟ್ಟು ಹೋದ್ರೆ ಅಲ್ಲಿ ನಿದ್ದೆ ಬರ್ಲಿಕ್ಕಿಲ್ಲ" ಎನ್ನುತ್ತಾರೆ.

ರೇಡಿಯೋ ಗುಡಿಸಲಿನ ಪಕ್ಕದ ಕಂಬ ಇದ್ದಲ್ಲೇ ಇರುತ್ತದೆ. ಉಳಿದ ಮೂರನ್ನು ಕಿತ್ತು, ಸರಿಸಿ, ನೆಡಬೇಕು. ಜುಮಾ ನಮಾಜಿಗೆ ಹೋಗುವಷ್ಟರಲ್ಲಿ ಎರಡು ನಿಂತಿವೆ. ಮೂರನೆಯದು ಅರ್ಧ ಏಳುವಾಗ ಗಾಳಿ ಬೀಸುತ್ತದೆ, ಕಂಬ ಓಲಾಡುತ್ತದೆ. "ಯಲ್ಲಾ, ಎಳೆಯಿರಿ, ಆಗ್ತದೆ" ಎಂದು ದೇಜಪ್ಪ ಕೂಗುತ್ತಾರೆ. ಪೊಡಿಯಬ್ಬ ಕೈಯೆತ್ತಿ ಎಲ್ಲರನ್ನೂ ನಿಲ್ಲಿಸಿ, ಕಂಬವನ್ನು ಮೆಲ್ಲನೆ ಕೆಳಗಿಳಿಸಿ, ಅದರ ಮೇಲೆಯೇ ಕೂತು ಸುಲೈಮಾನಿ ಕುಡಿಯುತ್ತಾರೆ. ಹೊತ್ತು ಜಾರುತ್ತಿದೆ, ದೇಜಪ್ಪನವರ ಮುಖ ಬಾಡುತ್ತಿದೆ. ಗಾಳಿ ತಗ್ಗಿದ ಮೇಲೆ ಕಂಬ ಒಂದೇ ಎಳೆತಕ್ಕೆ ಎದ್ದು ನಿಲ್ಲುತ್ತದೆ.

ಇಷ್ಟು ವರ್ಷ ಪೊಡಿಯಬ್ಬರ ಪಾಲಿಗೆ ಸ್ಪರ್ಧೆ ಇಲ್ಲಿಗೆ ಮುಗಿಯುತ್ತಿತ್ತು. ಶನಿವಾರ ಡ್ಯೂಟಿ, ಹಾಗಾಗಿ ತಾನು ಕಟ್ಟಿದ ತಂತಿ ಏನು ಮಾತಾಡುತ್ತದೆಂದು ಅವರು ಕೇಳಿದ್ದೇ ಇಲ್ಲ. ಈ ಸಲ ತನ್ನ ಬಕ್ರೀದಿನ ರಜೆಯನ್ನು ಜೊತೆಗಾರನಿಗೆ ಬಿಟ್ಟುಕೊಟ್ಟು ಶನಿವಾರವನ್ನು ಪಡೆದಿದ್ದಾರೆ. ಮರುದಿನ ಮಧ್ಯಾಹ್ನ, ದೊಡ್ಡ ತಂತಿಯಲ್ಲಿ ಯುರೋಪನ್ನು ಕರೆಯುವ ಸರದಿ ಬರುವಾಗ, ಇಸ್ತ್ರಿಯ ಅಂಗಿ ತೊಟ್ಟು ಗುಡಿಸಲಿನ ಬಾಗಿಲಲ್ಲಿ ನಿಂತಿದ್ದಾರೆ. ಒಳಗೆ ಬನ್ನಿ ಎಂದರೂ ಬರುವುದಿಲ್ಲ.

ಗ್ರೀಷ್ಮಾ ಕರೆಯುತ್ತಾರೆ. ಸ್ಪೀಕರಿನಲ್ಲಿ ಬರೀ ಕೊರಕೊರ. ಮತ್ತೆ ಕರೆಯುತ್ತಾರೆ. ಅದೇ ಕೊರಕೊರ. ಪೊಡಿಯಬ್ಬ ಹೊರಗೆ ತಿರುಗಿ ಕಂಬಗಳನ್ನು ಒಂದೊಂದಾಗಿ ನೋಡುತ್ತಾರೆ.

"ಪುನಃ ತಪ್ಪಿತಾ ಅಮ್ಮಾ?"

ಗ್ರೀಷ್ಮಾ ಸುಮ್ಮನಿರಿ ಎಂಬಂತೆ ಕೈಯೆತ್ತುತ್ತಾರೆ. ಕೊರಕೊರದ ಅಡಿಯಿಂದ ಒಂದು ಗಂಡುದನಿ. ಹಿಂದೆಯೇ ಇನ್ನೊಂದು. ನೋಡುತ್ತಿದ್ದಂತೆ ಮೀನು ಮಾರ್ಕೆಟಿನಂಥ ಗದ್ದಲ, ಎಲ್ಲರೂ ತಮ್ಮನ್ನೇ ಮೊದಲು ಮಾತಾಡಿಸಿ ಎನ್ನುವವರು. ಇಟಲಿ, ಪೋಲೆಂಡ್, ಪೋರ್ಚುಗಲ್. ಗ್ರೀಷ್ಮಾ ನಗುತ್ತ ಹೆಡ್‌ಫೋನನ್ನು ಪೊಡಿಯಬ್ಬರ ಕಿವಿಗೆ ಇಡುತ್ತಾರೆ. ಲೈಸೆನ್ಸ್ ಇಲ್ಲದವರು ಮಾತಾಡುವಂತಿಲ್ಲ, ಕೇಳಬಹುದು. ಅವರು ಕಣ್ಣು ಮುಚ್ಚಿ ಕೇಳುತ್ತಾರೆ. ಮಾತು ಒಂದೂ ಅರ್ಥವಾಗುವುದಿಲ್ಲ, ಕಣ್ಣಂಚು ಮಾತ್ರ ಒದ್ದೆಯಾಗುತ್ತದೆ.

"ಇವರೆಲ್ಲ ನಮ್ಮ ಪೈಪಿನ ಮೇಲೆಯೇ ಬಂದದ್ದಾ?"

"ಎಲ್ಲ ನಿಮ್ಮ ಪೈಪಿನ ಮೇಲೆಯೇ ಪೊಡಿಯಬ್ಬಾಕ" ಎನ್ನುತ್ತಾರೆ ಗ್ರೀಷ್ಮಾ.

"ನಮ್ಮ ಊರಿನವರು ಯಾರೂ ಇಲ್ವಾ?"

ದೇಜಪ್ಪ ವಿವರಿಸುತ್ತಾರೆ: ಊರು ಈ ತಂತಿಯ ಬೆನ್ನ ಹಿಂದೆ ಬೀಳುತ್ತದೆ. ಆ ಕಡೆಯ ದನಿಯನ್ನು ದೂರದ ಕಂಬದಲ್ಲಿರುವ ಸಣ್ಣ ಪೆಟ್ಟಿಗೆ ನುಂಗಿಬಿಡುತ್ತದೆ. ಪೆಟ್ಟಿಗೆ ಕಳಚಿದರೆ ಮಾತ್ರ ದನಿ ಎರಡೂ ಕಡೆ ಹೋಗುತ್ತದೆ. ಪೊಡಿಯಬ್ಬ ಹೊರಗೆ ಹೋಗಿ, ಹೋದ ವರ್ಷದ ಮೂರು ಗುಂಡಿಗಳಿಗೆ ಮರಳು ತುಂಬಿ, ಕಾಲಿನಿಂದ ತುಳಿದು ಮಟ್ಟ ಮಾಡುತ್ತಾರೆ. ಸಂಜೆ ಅಲ್ಲೇ ಚಾಪೆ ಹಾಸಿ ನಮಾಜು ಮಾಡುತ್ತಾರೆ. ಸೂರ್ಯ ಇವತ್ತೂ ಕಿಬ್ಲಾದ ಕಡೆಗೇ ಇಳಿದಿದ್ದಾನೆ. ಪಡುವಣದ ಗೂಟ ಅವರ ಬಲಕ್ಕೆ, ತನ್ನ ಪಾಡಿಗೆ ತಾನು ನಿಂತಿದೆ.

ಚಾಪೆ ಮಡಚುತ್ತ ಅವರು ದೇಜಪ್ಪನವರನ್ನು ಕರೆಯುತ್ತಾರೆ. ಕೇಳಲೋ ಬೇಡವೋ ಎಂಬಂತೆ ದನಿ ತಗ್ಗಿಸುತ್ತಾರೆ.

"ಬರುವ ವರ್ಷ ಆ ಪೆಟ್ಟಿಗೆಯನ್ನು ಐದು ನಿಮಿಷ ಕಳಚ್ಲಿಕ್ಕಾಗ್ತದಾ ದೇಜಪ್ಪಣ್ಣ? ನಿಮ್ಮ ಹಳೇ ರೇಡಿಯೋ ಒಂದು ಕೊಟ್ರೆ ನಾನು ಊರಿನ ಮನೆ ಜಗಲಿಯಲ್ಲಿ ಇಟ್ಟುಕೊಂಡು ಕೂರ್ತೇನೆ. ನನ್ನ ಹೆಸರು ಹೇಳುವುದೆಲ್ಲ ಬೇಡ. ನೀವು ಸುಮ್ಮನೆ ಯಾರನ್ನಾದ್ರೂ ಕರೀರಿ. ಆ ಕಂಬ ನೆಟ್ಟದ್ದು ಯಾರು ಅಂತ ಕುಲ್ಸುಂಗೆ ನಾನೇ ಹೇಳ್ತೇನೆ."