ಸೋಪಿನ ಡಬ್ಬಿಯ ಎಡಗಡೆ ಸೀಟು

ನನ್ನ ಮಾವನವರ ಕಾರನ್ನು ಬರೀ ಕಾರು ಅಂದರೆ ಅದಕ್ಕೆ ಅವಮಾನ. ಅದೊಂದು ಮನೆ. ಮುಂದಿನ ಸೀಟು ಬೆಂಚಿನ ಹಾಗೆ ಉದ್ದಕ್ಕೆ ಒಂದೇ, ಗೇರು ಸ್ಟೀರಿಂಗಿನ ಪಕ್ಕದಲ್ಲಿ, ಬಾಗಿಲು ಹಾಕಿದರೆ ಚಾಮರಾಜಪೇಟೆಯ ನಮ್ಮ ಬೀದಿಗೆಲ್ಲ ಕೇಳುವಷ್ಟು ಸದ್ದು. ಮಾವನವರದು ತರಗುಪೇಟೆಯಲ್ಲಿ ಬೇಳೆ ಮಂಡಿ. ಡಿಕ್ಕಿಯಲ್ಲಿ ವರ್ಷಗಟ್ಟಲೆ ತೊಗರಿಬೇಳೆ ಮೂಟೆ ಹೊತ್ತು ಹೊತ್ತು, ಆ ಕಾರಲ್ಲಿ ಕೂತೆದ್ದರೆ ಬೇಳೆ ದೂಳು, ಪೆಟ್ರೋಲು ಎರಡೂ ಸೇರಿದ ವಾಸನೆ ಸೀರೆಗೆ ಹತ್ತುತ್ತಿತ್ತು. ಮದುವೆಯಾಗಿ ಬಂದ ಮೇಲೆ ಹತ್ತು ವರ್ಷ ನಾನು ಬೆಂಗಳೂರು ನೋಡಿದ್ದೆಲ್ಲ ಅದರ ಹಿಂದಿನ ಸೀಟಿನಿಂದಲೇ.

ಅಲ್ಲಿಂದ ನೋಡಿದರೆ ಊರಲ್ಲಿ ಇದ್ದವರೆಲ್ಲ ನಮಗೆ ಅಡ್ಡ ಬರುವವರು. ಆಟೋದವರು ಅಡ್ಡ, ಸೈಕಲ್ಲಿನವರು ಅಡ್ಡ, ಮಾರ್ಕೆಟ್ಟಿನಿಂದ ಕೊತ್ತಂಬರಿ ಕಟ್ಟು ಹೇರಿಕೊಂಡು ಬರುವ ಮೊಪೆಡ್ಡಿನವರಂತೂ ನಮ್ಮನ್ನು ಗೋಳು ಹುಯ್ದುಕೊಳ್ಳಲಿಕ್ಕೇ ಹುಟ್ಟಿದವರು. ಮಾವನವರು ಹಾರ್ನಿನ ಮೇಲೆ ಅಂಗೈ ಊರಿ "ಕಣ್ಣು ಕಾಣಲ್ವೇನಯ್ಯಾ" ಅನ್ನುತ್ತಿದ್ದರು. ನಾನೂ ಹಿಂದೆ ಕೂತು ಹೌದೌದು ಅಂದುಕೊಳ್ಳುತ್ತಿದ್ದೆ. ಈಗ ನೆನೆಸಿಕೊಂಡರೆ ನಾಚಿಕೆಯಾಗುತ್ತದೆ.

ತೊಂಬತ್ತರ ದಶಕ ಮುಗಿಯುವ ಹೊತ್ತಿಗೆ ನಾನು ಡ್ರೈವಿಂಗ್ ಕಲಿತೆ. ಬಸವನಗುಡಿಯ ಒಂದು ಹೈಸ್ಕೂಲಿನಲ್ಲಿ ಪಾಠ ಹೇಳುತ್ತಿದ್ದೆ, ಬಸ್ಸಿನಲ್ಲಿ ನೇತಾಡಿ ಸಾಕಾಗಿತ್ತು. ಜೊತೆಯ ಟೀಚರೊಬ್ಬರು ಮಾರುತ್ತಿದ್ದ ಬಿಳಿ ಬಣ್ಣದ ಪುಟ್ಟ ಕಾರು ಕೊಂಡು ತಂದು ಮನೆ ಮುಂದೆ ನಿಲ್ಲಿಸಿದೆ. ಮಾವನವರು ಅದರ ಸುತ್ತ ಒಂದು ಪ್ರದಕ್ಷಿಣೆ ಬಂದು, ಬೆರಳಿನಿಂದ ಬಾನೆಟ್ಟಿನ ತಗಡು ತಟ್ಟಿ ನೋಡಿದರು.

"ಏನಮ್ಮಾ ಇದು, ಸೋಪಿನ ಡಬ್ಬಿ! ಇದರಲ್ಲಿ ಕೂತ್ರೆ ಮೊಣಕಾಲು ಕಿವಿಗೆ ಬರುತ್ತೆ."

ಅವರು ಕೂರಲಿಲ್ಲ. ನಾನೂ ಬಲವಂತ ಮಾಡಲಿಲ್ಲ. ಸೊಸೆಯ ಕಾರಿನಲ್ಲಿ ಓಡಾಡಿದರೆ ಮಂಡಿಯಲ್ಲಿ ಮರ್ಯಾದೆ ಏನಾದೀತು ಅನ್ನುವುದೂ ಅವರ ತಲೆಯಲ್ಲಿತ್ತು, ನನಗದು ಗೊತ್ತಿತ್ತು.

ಆ ಸೋಪಿನ ಡಬ್ಬಿ ನನ್ನನ್ನು ಎಷ್ಟು ಖುಷಿಯಾಗಿಟ್ಟಿತು ಅಂತ ಹೇಳಲೇಬೇಕು. ದೊಡ್ಡ ಕಾರಿಗೆ ಏನು ಹೇಳಿದರೂ ಅದು ಸ್ವಲ್ಪ ಯೋಚನೆ ಮಾಡಿ ಆಮೇಲೆ ಕೇಳುತ್ತಿತ್ತು. ಸ್ಟೀರಿಂಗು ಕಾಲು ಸುತ್ತು ತಿರುಗಿದ ಮೇಲೆಯೇ ಚಕ್ರಕ್ಕೆ ಸುದ್ದಿ ಮುಟ್ಟುವುದು. ನನ್ನದೋ, ಪ್ರಶ್ನೆ ಮುಗಿಯುವ ಮೊದಲೇ ಕೈ ಎತ್ತುವ ಮುಂದಿನ ಬೆಂಚಿನ ಹುಡುಗಿ. ಕಾಲಿನ ಹೆಬ್ಬೆರಳು ಮುಟ್ಟಿಸಿದರೆ ಹೊರಟಿತು, ಬ್ರೇಕ್ ಮುಟ್ಟಿದರೆ ನಿಂತಿತು. ಗಾಂಧಿ ಬಜಾರಿನಲ್ಲಿ ಹೂವಿನ ಬುಟ್ಟಿಗಳ ಪಕ್ಕ ಒಂದು ಮೊಳ ಜಾಗ ಇದ್ದರೆ ಅದರಲ್ಲಿ ನುಸುಳಿ ನಿಲ್ಲುತ್ತಿತ್ತು. ಮೂವತ್ತೈದು ದಾಟಿದ ಹೆಂಗಸು ಸ್ಟೀರಿಂಗ್ ಹಿಡಿದು ಒಬ್ಬಳೇ ನಗುತ್ತಿದ್ದರೆ ಸಿಗ್ನಲಿನಲ್ಲಿ ಪಕ್ಕದವರು ನೋಡುತ್ತಿದ್ದರು. ನೋಡಲಿ ಬಿಡಿ.

ಆದರೆ ಅಷ್ಟು ತಗ್ಗಿನಲ್ಲಿ ಕೂತ ಮೇಲೆ ರಸ್ತೆಯೇ ಬೇರೆಯಾಯಿತು. ಬಸ್ಸು ಈಗ ಬಸ್ಸಲ್ಲ, ಪಕ್ಕಕ್ಕೆ ಸರಿಯುತ್ತ ಬರುವ ಗೋಡೆ. ಲಾರಿ ಚಕ್ರದ ನಟ್ಟುಗಳು ನನ್ನ ಕಣ್ಣಿನ ಮಟ್ಟಕ್ಕೆ ತಿರುಗುತ್ತಿದ್ದವು. ಆಟೋದವನು ಯಾಕೆ ಹಾಗೆ ಮೂತಿ ತೂರಿಸುತ್ತಾನೆ ಅಂತ ಮೊದಲ ವಾರದಲ್ಲೇ ಅರ್ಥವಾಯಿತು, ಎರಡನೇ ವಾರಕ್ಕೆ ನಾನೂ ತೂರಿಸತೊಡಗಿದೆ. ತಳ್ಳುಗಾಡಿಯವನು ಏರಿನಲ್ಲಿ ಒಮ್ಮೆ ನಿಂತರೆ ಮತ್ತೆ ಹೊರಡುವುದಕ್ಕೆ ಎಷ್ಟು ದಮ್ಮು ಬೇಕು ಅನ್ನುವುದು ಅವನ ಬೆನ್ನು ನೋಡಿದಾಗ ತಿಳಿಯಿತು. ಹಾರ್ನ್ ಮಾಡುವುದನ್ನು ಕಡಿಮೆ ಮಾಡಿದೆ. ದೊಡ್ಡ ಕಾರುಗಳನ್ನು ಕಂಡರೆ ಮಾತ್ರ ಮೈಯೆಲ್ಲ ಉರಿಯುತ್ತಿತ್ತು. ರಸ್ತೆ ತಮಗೆ ಬರೆದುಕೊಟ್ಟಿದೆ ಅನ್ನುವ ಹಾಗೆ ಬರುತ್ತಾರೆ, ಕೆಳಗೆ ನೋಡುವುದೇ ಇಲ್ಲ.

ಒಂದು ಶನಿವಾರ ಅರ್ಧ ದಿನದ ಶಾಲೆ ಮುಗಿಸಿ ಬುಲ್ ಟೆಂಪಲ್ ರಸ್ತೆಯಿಂದ ನಮ್ಮ ಚಾಮರಾಜಪೇಟೆ ಕಡೆಗೆ ಹೊರಳುತ್ತಿದ್ದೆ. ಬಲಗಡೆಯಿಂದ ಅಂಥದ್ದೊಂದು ದೊಡ್ಡ ಕಾರು ನಿಧಾನ ಮಾಡದೆ, ಹಾರ್ನೂ ಹೊಡೆಯದೆ ಸೀದಾ ನನ್ನ ಮೇಲೆ ಬಂತು. ಬ್ರೇಕ್ ತುಳಿದೆ. ನನ್ನ ಕಾರು ನಿಂತಿತು, ಆ ದೊಡ್ಡದರ ಬಂಪರ್ ನನ್ನ ಮೂತಿಯ ಮುಂದೆ ಒಂದು ಗೇಣಿನಲ್ಲಿ ಹಾದುಹೋಯಿತು. ಬೈಯಲಿಕ್ಕೆ ಬಾಯಿ ತೆಗೆದವಳು ಹಾಗೇ ಉಳಿದೆ. ಸ್ಟೀರಿಂಗಿನ ಮೇಲೆ ಕಂಡ ಆ ಬಿಳಿ ತಲೆ ಮಾವನವರದು. ಅವರು ನನ್ನ ಕಡೆ ತಿರುಗಲೂ ಇಲ್ಲ.

ಬಲಗಣ್ಣಿನ ಪೊರೆ ತೆಗೆಸಿಕೊಂಡಿದ್ದರು. ಎಡಗಣ್ಣಿನದನ್ನು ಹೊಸ ತೊಗರಿ ಬರಲಿ, ಹಬ್ಬ ಮುಗೀಲಿ ಅಂತ ಮುಂದಕ್ಕೆ ಹಾಕುತ್ತಲೇ ಇದ್ದರು. ನಾನು ಬಂದದ್ದು ಅವರ ಎಡಗಡೆಯಿಂದ. ಹತ್ತು ವರ್ಷ ಹಿಂದಿನ ಸೀಟಿನಲ್ಲಿ ಕೂತವಳಿಗೆ ನಮ್ಮ ಮನೆಯ ಕಾರು ಎದುರಿನಿಂದ ಹೇಗೆ ಕಾಣುತ್ತದೆ ಅಂತ ಅವತ್ತೇ ಗೊತ್ತಾಗಿದ್ದು.

ಮಧ್ಯಾಹ್ನ ಊಟಕ್ಕೆ ಕೂತಾಗ ಅವರೇ ಮಾತು ತೆಗೆದರು. "ಯಾವನೋ ಒಬ್ಬ ನಿನ್ನ ಥರದ್ದೇ ಸೋಪಿನ ಡಬ್ಬಿಯವನು ಇವತ್ತು ಅಡ್ಡ ಬಂದುಬಿಟ್ಟ ಕಣಮ್ಮಾ. ಕಿರ್ ಅಂತ ಬ್ರೇಕ್ ಹಾಕಿದ್ಮೇಲೇ ಕನ್ನಡೀಲಿ ಕಂಡಿದ್ದು, ಬಿಳೀದು. ಇಂಥೋರಿಗೆಲ್ಲ ಯಾರು ಲೈಸೆನ್ಸ್ ಕೊಡ್ತಾರೋ!"

ನಾನು ತಲೆ ಬಗ್ಗಿಸಿ ಅವರಿಗೆ ಸಾರು ಬಡಿಸಿದೆ. ನಾನಾದ್ದರಿಂದ ನಿಂತಿತು, ಮುಂದಿನ ಸಲ ಅಲ್ಲಿ ಸೈಕಲ್ ತುಳಿಯುತ್ತಿರುವ ನನ್ನ ಶಾಲೆಯ ಮಗುವೊಂದು ಇದ್ದರೆ? ರಾತ್ರಿ ಯಜಮಾನರಿಗೆ ಹೇಳಿದೆ. "ಅಪ್ಪನಿಗೆ ಕಾರು ಓಡಿಸೋದು ನಿಲ್ಲಿಸಿ ಅನ್ನೋಕೆ ನನ್ನ ಕೈಲಾಗಲ್ಲ, ನೀನೇ ಹೇಳು" ಅಂದರು. ಮಾವನವರು ಆ ಕಾರಿನಲ್ಲಿ ಮಂಡಿಗೆ ಹೋಗಿ ಇಳಿದರೆ ಹಮಾಲರು ಕೂತಲ್ಲಿಂದ ಏಳುತ್ತಿದ್ದರು. ಅದನ್ನು ಕಿತ್ತುಕೊಳ್ಳುವ ಮಾತು ನನ್ನ ಬಾಯಲ್ಲಿ ಬರಲಿಲ್ಲ. ಎರಡು ತಿಂಗಳು ದಿನಾ ಅವರು ಹಿಂದಿರುಗಿ ಬಾಗಿಲು ಧಡ್ ಅನ್ನುವ ತನಕ ನನಗೆ ಸಮಾಧಾನವಿರುತ್ತಿರಲಿಲ್ಲ.

ಆಯುಧಪೂಜೆ ಬಂತು. ನಮ್ಮ ಮನೆಯಲ್ಲಿ ವಾಹನಗಳಿಗೂ ಹಿರಿತನ ಉಂಟು. ಬೀದಿಯಲ್ಲಿ ಮುಂದೆ ದೊಡ್ಡ ಕಾರು, ಅದರ ಹಿಂದೆ ಯಜಮಾನರ ಸ್ಕೂಟರಿರುತ್ತಿತ್ತು. ಈ ಸಲ ಸ್ಕೂಟರನ್ನು ಗೋಡೆ ಪಕ್ಕಕ್ಕೆ ಸರಿಸಿ ನನ್ನ ಕಾರು ನಿಲ್ಲಿಸಿದ್ದರು. ಎಲ್ಲಕ್ಕೂ ಅರಿಶಿನ ಕುಂಕುಮ, ಸೇವಂತಿಗೆ ಹಾರ, ಬಾಳೆಕಂದು. ಕೊನೆಗೆ ನಾಲ್ಕೂ ಚಕ್ರದ ಕೆಳಗೆ ನಿಂಬೆಹಣ್ಣು ಇಟ್ಟು ಗಾಡಿ ಹತ್ತಿಸಬೇಕು. ಯಾರ ಗಾಡಿಯೇ ಆಗಲಿ, ಹತ್ತಿಸುವವರು ಮನೆಯ ಹಿರಿಯರೇ. ಅದು ಅವರಪ್ಪನ ಕಾಲದಿಂದ ಬಂದ ಪದ್ಧತಿ.

ದೊಡ್ಡ ಕಾರು ಗಂಭೀರವಾಗಿ ನಾಲ್ಕು ನಿಂಬೆಹಣ್ಣು ಚಪ್ಪಟೆ ಮಾಡಿ ನಿಂತಿತು. ಆಮೇಲೆ ಮಾವನವರು ರೇಷ್ಮೆ ಪಂಚೆ ಎತ್ತಿ ಹಿಡಿದು, ಮೊದಲ ಸಲ, ಸೋಪಿನ ಡಬ್ಬಿಯೊಳಗೆ ಕೂತರು. ಸ್ಟೀರಿಂಗಿನ ಪಕ್ಕದಲ್ಲಿ ಗೇರು ಹುಡುಕಿ, ಸಿಗದೆ, ಕೆಳಗೆ ನೋಡಿದರು. ಅತ್ತೆ ಆರತಿ ತಟ್ಟೆ ಹಿಡಿದು ಎರಡು ಕಾರುಗಳ ನಡುವೆ ನಿಂತಿದ್ದವರು, ಹಂಚಲಿಕ್ಕೆ ಕಡ್ಲೆಪುರಿ ಸಾಲದು ಅಂತ ಒಳಗೆ ಹೋದರು. ಮಾವನವರು ಮೂವತ್ತು ವರ್ಷದ ಅಭ್ಯಾಸದಂತೆ, ಆ ದೊಡ್ಡ ಕಾರನ್ನು ಎಬ್ಬಿಸುವಷ್ಟು ಬಲವಾಗಿ ಆಕ್ಸಿಲರೇಟರ್ ತುಳಿದರು.

ನನ್ನ ಕಾರು ಹೇಳಿದ ಮಾತು ಕೇಳುವ ಕಾರು. ಒಂದೇ ನೆಗೆತಕ್ಕೆ ನಿಂಬೆಹಣ್ಣು, ರಂಗೋಲಿ ಎಲ್ಲ ದಾಟಿ ಹೋಗಿ ದೊಡ್ಡ ಕಾರಿನ ಹಿಂಭಾಗಕ್ಕೆ ಗುದ್ದಿ, ಚೂರು ಹಿಂದಕ್ಕೆ ಪುಟಿದು ನಿಂತಿತು. ದೊಡ್ಡ ಕಾರು ಅಲುಗಾಡಲಿಲ್ಲ. ನನ್ನದರ ಒಂದು ದೀಪ ಒಡೆಯಿತು, ನಂಬರ್ ಪ್ಲೇಟು ಸೊಟ್ಟಗಾಯಿತು, ಹಾರ ಹರಿದು ಸೇವಂತಿಗೆ ಬೀದಿ ತುಂಬ ಚೆಲ್ಲಿತು. ಎದುರು ಮನೆಯವರು "ದೃಷ್ಟಿ ಹೋಯ್ತು ಬಿಡಿ, ಒಳ್ಳೇದೇ ಆಯ್ತು" ಅಂದು ನಕ್ಕರು. ನಾವೂ ನಕ್ಕೆವು.

ಮಾವನವರು ನಗಲಿಲ್ಲ. ಇಳಿದು ಬಂದು ಎರಡು ಕಾರುಗಳ ನಡುವೆ ಉಳಿದಿದ್ದ ಅಂಗೈಯಗಲದ ಜಾಗವನ್ನೇ ನೋಡುತ್ತ ನಿಂತರು. ಅಷ್ಟರಲ್ಲಿ ಅತ್ತೆ ಪುರಿ ಚೀಲ ಹಿಡಿದು ಹೊರಗೆ ಬಂದರು.

"ಇವಳು ಇಲ್ಲೇ ನಿಂತಿದ್ಲಲ್ಲಮ್ಮಾ," ಅಂದರು ಮಾವ ನನಗೆ ಮಾತ್ರ ಕೇಳುವ ಹಾಗೆ. "ಒಳಗೆ ಹೋಗಿದ್ದು ನಂಗೆ ಕಾಣ್ಲೇ ಇಲ್ಲ. ಇದಾಳೋ ಇಲ್ವೋ ಅಂತ್ಲೂ ನೋಡ್ಲಿಲ್ಲ."

ಎರಡು ತಿಂಗಳಿಂದ ಹೇಳಬೇಕೆಂದಿದ್ದ ಮಾತು ನನ್ನ ನಾಲಿಗೆ ತುದಿಯಲ್ಲಿತ್ತು. ಆದರೆ ಆ ಮುಖಕ್ಕೆ ಇನ್ನೇನೂ ಹೇಳಬೇಕಾಗಿರಲಿಲ್ಲ.

ಹಬ್ಬದ ರಜೆ ಮುಗಿದ ದಿನ ಬೆಳಿಗ್ಗೆ ಅವರು ಕೈಚೀಲ ಹಿಡಿದು ಬಂದು ನನ್ನ ಕಾರಿನ ಎಡಗಡೆ ಬಾಗಿಲ ಹತ್ತಿರ ನಿಂತಿದ್ದರು.

"ಶಾಲೆಗೆ ಹೋಗೋ ದಾರೀಲಿ ನನ್ನನ್ನ ಮಂಡಿಗೆ ಬಿಡ್ತೀಯೇನಮ್ಮಾ?"

ತರಗುಪೇಟೆ ಒಂದು ದಿಕ್ಕು, ನನ್ನ ಶಾಲೆ ಇನ್ನೊಂದು ದಿಕ್ಕು. ಇಬ್ಬರಿಗೂ ಗೊತ್ತು. "ದಾರೀಲೇ ಸಿಗುತ್ತಲ್ಲ ಮಾವ, ಕೂತ್ಕೊಳ್ಳಿ" ಅಂದೆ. ಮೊಣಕಾಲು ಕಿವಿಗೇನೂ ಬರಲಿಲ್ಲ. ಮಂಡಿಯ ಮುಂದೆ ಹಮಾಲರು ಮೊದಲು ಗಲಿಬಿಲಿಗೊಂಡರು, ಆಮೇಲೆ ಎದ್ದು ನಿಂತರು. ಮಾವನವರ ಬೆನ್ನು ನೆಟ್ಟಗಾದದ್ದನ್ನು ಕನ್ನಡಿಯಲ್ಲಿ ನೋಡಿ ನನ್ನ ಕಣ್ಣು ತುಂಬಿತು.

ಅದೇ ಅಭ್ಯಾಸವಾಯಿತು. ದಿನಾ ನನಗೆ ಡ್ರೈವಿಂಗ್ ಪಾಠ, "ನೋಡ್ಕೊಂಡು, ತಳ್ಳುಗಾಡಿಯವನು ಬರ್ತಾ ಇದಾನೆ, ಪಾಪ ಅವನು ಹೋಗ್ಲಿ ಬಿಡು" ಅಂತ. ಇದು ಅದೇ ಬಾಯಿ! ಬಸ್ಸು ಪಕ್ಕಕ್ಕೆ ಬಂದರೆ ಬಾಗಿಲಿನ ಹಿಡಿ ಗಟ್ಟಿಯಾಗಿ ಹಿಡಿದುಕೊಳ್ಳುತ್ತಿದ್ದರು.

ಒಂದು ಶನಿವಾರ ಕನ್ನಡಕದಂಗಡಿಗೆ ಅಂತ ಅವರನ್ನು ಗಾಂಧಿ ಬಜಾರಿಗೆ ಕರೆದುಕೊಂಡು ಹೋಗಿದ್ದೆ. ಎಡಗಣ್ಣಿನ ಪೊರೆಯೂ ತೆಗೆಸಿ ಆಗಿತ್ತು. ವಾಪಸು ಬರುವಾಗ ಅದೇ ತಿರುವಿನಲ್ಲಿ ದೊಡ್ಡ ಕಾರೊಂದು ಸೀದಾ ನುಗ್ಗಿ ಬಂತು. ಬ್ರೇಕ್ ತುಳಿದೆ, ಕಿರ್ ಅಂತು.

"ಹೆಂಗೆ ಬರ್ತಾನೆ ನೋಡು!" ಮಾವನವರು ಕಿಟಕಿಯಿಂದ ಕೈ ಹೊರಗೆ ಹಾಕಿ ಕೂಗಿದರು. "ಕೆಳಗೆ ಇರೋರು ಮನುಷ್ಯರಲ್ವಾ? ಇಂಥೋರಿಗೆಲ್ಲ ಯಾರು ಲೈಸೆನ್ಸ್..."

ಮಾತು ಅಲ್ಲಿಗೇ ನಿಂತಿತು. ಅವರು ತಿರುವು ನೋಡಿದರು, ನನ್ನ ಕಾರಿನ ಬಿಳಿ ಬಾನೆಟ್ಟು ನೋಡಿದರು, ಕೈಗಡಿಯಾರ ನೋಡಿಕೊಂಡರು, ಅವತ್ತಿನ ಹಾಗೇ ಶನಿವಾರದ ಮಧ್ಯಾಹ್ನ. ಹಿಂದಿನಿಂದ ಯಾರೋ ಹಾರ್ನ್ ಮಾಡುತ್ತಿದ್ದರು, ನಾನು ಗೇರು ಹಾಕಿ ಮುಂದಕ್ಕೆ ಬಿಟ್ಟೆ. ಮನೆಯ ಬೀದಿ ಬಂದಾಗ ಅವರು ನನ್ನ ಕಡೆ ತಿರುಗಿದರು.

"ಅವತ್ತು ಅಡ್ಡ ಬಂದಿದ್ದು ನೀನಾ?"

"ಹೂಂ ಮಾವ."

ಇಳಿಯುವಾಗ ಬಾಗಿಲನ್ನು ಅವರು ಸದ್ದಾಗದ ಹಾಗೆ ಮೆಲ್ಲಗೆ ಹಾಕಿದರು. ಆಮೇಲೆ ಕಿಟಕಿಗೆ ಬಗ್ಗಿ, "ನಾನು ಬೈತಾ ಇದ್ದೆ, ನೀನು ಸಾರು ಬಡಿಸಿದ್ದೆ ನನಗೆ" ಅಂದರು.